ಭಾಗ್ಯಾಳ ಬದಲಿ

ಭಾಗ್ಯಾಳಿಗೆ ಗಣಿತದಲ್ಲಿ ಮೂವತ್ತೈದು ಅಂಕ ಬಂದ ದಿನ ನಾನು ಓಣಿಗೆಲ್ಲ ಪೇಢೆ ಹಂಚಿದ್ದೆ. ಈಗ ಅದು ನೆನಪಾದರೆ ತಿಂದವರ ಮನೆಮನೆಗೆ ಹೋಗಿ ಆ ಪೇಢೆ ವಾಪಸು ಕೊಡಿ ಎಂದು ಜಗಳ ತೆಗೆಯಬೇಕೆನಿಸುತ್ತದೆ. ಜಗಳ ತೆಗೆಯುವುದರಲ್ಲಿ ನಾನು ಮೊದಲಿಂದಲೂ ಮುಂದು. ನಮ್ಮವರು, ನಾರಾಯಣರಾಯರು, ಕೋರ್ಟಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. “ಕೋರ್ಟಿನ್ಯಾಗ ವಾದಿ, ಪ್ರತಿವಾದಿ ಅಂತ ಇಬ್ಬರು ಬೇಕಾಗ್ತಾರ. ನಮ್ಮ ಸುಲಭಾಗ ಪ್ರತಿವಾದಿನೂ ಬೇಕಾಗೂದಿಲ್ಲ” ಎಂದು ನನ್ನ ಹೆಸರೆತ್ತಿ ಬಂದವರೆದುರು ನಗುತ್ತಾರೆ. ನಗಲಿ. ನಗುವುದಕ್ಕೆ ಈ ಮನೆಯಲ್ಲಿ ಬೇರೆ ಏನೂ ಉಳಿದಿಲ್ಲ.

ಜಮಖಂಡಿಯ ಈ ಮನೆಯಿಂದ ದಿನಾ ಬಸ್ಸು ಹತ್ತಿ, ಬನಹಟ್ಟಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವಳು ನಾನು. ಶಾಲೆಯ ಎಡಕ್ಕೂ ಬಲಕ್ಕೂ ಪವರ್‌ಲೂಮ್ ಶೆಡ್ಡುಗಳು. ಅವುಗಳ ಖಟಪಟದ ಮೇಲೆ ದನಿ ಎತ್ತಿ ಎತ್ತಿ ನನ್ನ ಗಂಟಲು ಗಂಡಸರ ಗಂಟಲಾಯಿತು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಮನೆಯಲ್ಲಿ ಉಪ್ಪು ಕೊಡಿ ಅಂದರೆ ಪಕ್ಕದ ಮನೆಯವರು ತಂದು ಕೊಡುತ್ತಾರೆ. ಎಷ್ಟೋ ಹುಡುಗಿಯರು ನನ್ನ ಕೈಕೆಳಗೆ ಪಾಸಾದರು, ಎಷ್ಟೋ ಜನ ಫೇಲಾದರು. ಫೇಲಾದವರೇ ನನಗೆ ಹೆಚ್ಚು ನೆನಪಿರುವುದು. ಭಾಗ್ಯಾ ಹತ್ತನೇ ತರಗತಿಯಲ್ಲಿ ಎರಡು ಸಲ ಫೇಲಾದವಳು.

ಅವಳ ಅಪ್ಪ ಮುರಗೆಪ್ಪ ಬನಹಟ್ಟಿಯಲ್ಲಿ ಬೇರೆಯವರ ಶೆಡ್ಡಿನಲ್ಲಿ ನಾಲ್ಕು ಮಗ್ಗ ನಡೆಸುತ್ತಾನೆ. ಮಗ್ಗದ ಸಪ್ಪಳಕ್ಕೆ ಅವನ ಕಿವಿ ಮುಕ್ಕಾಲು ಹೋಗಿದೆ. ಅವ್ವ ಶಂಕ್ರೆವ್ವ ಮನೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಲಾಳಿಯೊಳಗೆ ಕೂರುವ ಆ ಸಣ್ಣ ಕೋಲಿಗೆ ನೂಲು ಸುತ್ತಿ ಸುತ್ತಿ ಬೆರಳ ತುದಿ ನುಣ್ಣಗಾಗಿ, ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಹೆಬ್ಬೆಟ್ಟು ಗುರುತೇ ಸಿಗುವುದಿಲ್ಲ. ಭಾಗ್ಯಾ ಒಬ್ಬಳೇ ಮಗಳು. ಎರಡನೇ ಸಲ ಫೇಲಾದ ಮೇಲೆ ಅವ್ವನ ಪಕ್ಕದಲ್ಲಿ ಕೂತು ಅವಳೂ ಕಂಡಿಕೆ ಸುತ್ತತೊಡಗಿದಳು. ಏಳು ವರ್ಷ ಸುತ್ತಿದಳು. ನಾನು ಅವಳನ್ನು ಮರೆತಂತೆಯೇ ಆಗಿತ್ತು.

ಹೋದ ವರ್ಷ ಸಂಕ್ರಾಂತಿ ಮುಗಿದ ವಾರ ತಾಯಿ ಮಗಳು ಇಬ್ಬರೂ ಜಮಖಂಡಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ಭಾಗ್ಯಾಳಿಗೆ ಇಪ್ಪತ್ತನಾಲ್ಕು ನಡೆದಿತ್ತು.

“ಅಕ್ಕೋರ, ಗಣಿತ ಒಂದ ಉಳದೈತ್ರಿ. ಪಾಸ್ ಮಾಡಸ್ರಿ” ಎಂದಳು.

“ಏಳು ವರ್ಷ ಮಲಗಿದ್ದೆಲ್ಲ, ಈಗ ಯಾರು ಎಬ್ಬಿಸಿದ್ರು ನಿನ್ನ?” ಎಂದೆ ನಾನು. ನನ್ನ ಬಾಯಿಯೇ ಹಾಗೆ.

ಶಂಕ್ರೆವ್ವ ಹೇಳಿದಳು. ಮುಧೋಳದಲ್ಲಿ ಗೌರೀಶ ಎಂಬಾತ ಪರದೇಶಕ್ಕೆ ಕೆಲಸಕ್ಕೆ ಕಳಿಸುತ್ತಾನಂತೆ. ಮಸ್ಕತ್ತಿನ ಒಂದು ಶಾಲೆಯ ಹಾಸ್ಟೆಲ್‌ನಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಒಂದು ರೂಪಾಯಿ ಸಹ ಕೇಳುವುದಿಲ್ಲವಂತೆ. ಅವನು ಕೇಳಿದ್ದು ಒಂದೇ, ಹುಡುಗಿ ಹತ್ತನೇತ್ತ ಪಾಸಾಗಿರಬೇಕು.

ನನಗೆ ಸಂಶಯ ಬರಲಿಲ್ಲವೆಂದು ಯಾರೂ ತಿಳಿಯಬಾರದು. ಪೇಪರು ಓದುತ್ತೇನೆ, ಏಜೆಂಟರು ರೊಕ್ಕ ನುಂಗಿ ಓಡಿಹೋದ ಸುದ್ದಿ ವಾರಕ್ಕೊಂದು ಇರುತ್ತದೆ. ಆದ್ದರಿಂದಲೇ ಮರುದಿನವೇ ಮುಧೋಳದ ಬಸ್ಸು ಹತ್ತಿ ಅವನನ್ನು ಜಾಲಾಡಲು ಹೋದೆ. ಮೊಬೈಲ್ ಅಂಗಡಿಯ ಮೇಲೆ ಅವನ ಆಫೀಸು. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ವಿಭೂತಿ, ನಾನು ಕೂರುವವರೆಗೆ ತಾನು ಕೂರಲಿಲ್ಲ. ಹುಡುಗಿಯಿಂದ ಎಷ್ಟು ತಗೋತಿ ಎಂದು ಕೇಳಿದೆ. ಅವನು ಕಿವಿ ಹಿಡಿದುಕೊಂಡ.

“ಮೇಡಂ, ಕೆಲಸಗಾರರ ಕಡೆ ರೊಕ್ಕ ತಗೊಂಡ್ರ ಅದು ಪಾಪ ಅಷ್ಟ ಅಲ್ರಿ, ಕಾನೂನು ಪ್ರಕಾರನೂ ತಪ್ಪು. ನಮಗ ಕೊಡೂದು ಅಲ್ಲಿ ಮಾಲಕರು. ಟಿಕೀಟು, ವೀಸಾ ಎಲ್ಲಾ ಅವರದ.”

“ಹತ್ತನೇತ್ತ ಯಾಕ ಪಾಸ್ ಆಗಬೇಕು? ಮಕ್ಕಳ ಅಂಡು ತೊಳ್ಯಾಕ ಪ್ರಮೇಯ ಬೇಕಾಗ್ತದೇನು?”

“ಕಲತವರಿಗಿ ಅಲ್ಲಿ ಬ್ಯಾರೇನ ಮರ್ಯಾದಿ ಐತ್ರಿ ಮೇಡಂ.”

ಆ ಮಾತಿಗೆ ನಾನು ಬಿದ್ದೆ. ಮೂವತ್ತನಾಲ್ಕು ವರ್ಷ ನೇಕಾರರ ಮನೆಮನೆಗೆ ತಿರುಗಿ, ಹುಡುಗಿಯನ್ನು ಶಾಲೆ ಬಿಡಿಸಬೇಡಿ, ಹತ್ತನೇತ್ತ ಆದರೂ ಮುಗಿಸಲಿ ಎಂದು ಗಂಟಲು ಹರಿದುಕೊಂಡಿದ್ದೆ. ಪಾಸಾದರೆ ಏನು ಸಿಗುತ್ತದೆ ಎಂದು ಅವರು ತಿರುಗಿ ಕೇಳಿದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಮೊಟ್ಟಮೊದಲ ಸಲ ಒಬ್ಬ ಮನುಷ್ಯ ಎದುರಿಗೆ ಕೂತು ನಮ್ಮ ಹುಡುಗಿಯ ಹತ್ತನೇತ್ತಕ್ಕೆ ಬೆಲೆ ಇದೆ ಎಂದಿದ್ದ. ಎದೆ ಉಬ್ಬಿತು. ಕರಾರಿನ ಕಾಗದ ತೋರಿಸು ಎಂದೆ, ಕನ್ನಡದಲ್ಲಿ ಟೈಪು ಮಾಡಿದ ಎರಡು ಹಾಳೆ ಕೊಟ್ಟ. ದಿನಕ್ಕೆ ಎಂಟು ತಾಸು ಕೆಲಸ, ವಾರಕ್ಕೆ ಒಂದು ರಜೆ, ಇರಲು ಕೋಣೆ, ಎರಡು ವರ್ಷಕ್ಕೆ ಹೋಗಿಬರುವ ಟಿಕೀಟು. ಎರಡು ಸಲ ಓದಿದೆ. ಅದರಲ್ಲಿದ್ದ ಮೂರು ಕಾಗುಣಿತದ ತಪ್ಪುಗಳನ್ನು ಕೆಂಪು ಪೆನ್ನಿನಿಂದ ತಿದ್ದಿ ವಾಪಸು ಕೊಟ್ಟೆ. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಈ ಕಾಗದದ ಕೆಳಗೆ ಸಹಿ ಮಾಡುವವರು ಯಾರು, ಮಸ್ಕತ್ತಿನಲ್ಲಿ ಇದನ್ನು ಯಾರಾದರೂ ಕಂಡಿದ್ದಾರೆಯೇ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆಮೇಲೆ ಐದು ತಿಂಗಳು ಭಾಗ್ಯಾಳಿಗೆ ಪಾಠ. ವಾರಕ್ಕೆ ಮೂರು ದಿನ ಬರುತ್ತಿದ್ದಳು. ಹುಡುಗಿ ದಡ್ಡಿಯಲ್ಲ, ಹೆದರುಪುಕ್ಕಲಿ. ಲೆಕ್ಕ ಸರಿ ಮಾಡಿದರೂ ನನ್ನ ಮುಖ ನೋಡಿ ಅಳಿಸಿಬಿಡುತ್ತಿದ್ದಳು. ನಾನು ಬೈದೆ, ರಮಿಸಿದೆ, ಒಂದು ದಿನ ಅವಳೆದುರು ಅತ್ತೂಬಿಟ್ಟೆ. ಜೂನ್ ಪರೀಕ್ಷೆಯಲ್ಲಿ ಸರಿಯಾಗಿ ಮೂವತ್ತೈದು ಬಂತು. ಪೇಢೆಯ ಕಥೆ ಆಗಲೇ ಹೇಳಿದೆ.

ಪಾಸ್‌ಪೋರ್ಟಿಗಾಗಿ ಬೆಳಗಾವಿಗೆ ಹೋಗುವಾಗ ನಾನೂ ಜೊತೆಗೆ ಹೋದೆ. ಕೌಂಟರಿನಲ್ಲಿದ್ದವನು ಅಂಕಪಟ್ಟಿ ನೋಡಿ, “ಹತ್ತನೇ ಪಾಸ್. ಹಾಗಾದ್ರೆ ಮುದ್ರೆ ಬೀಳಲ್ಲ ಬಿಡಿ” ಎಂದ. ಒಳ್ಳೆಯ ಸುದ್ದಿ ಹೇಳಿದಂತೆ ಹೇಳಿದ. ಯಾವ ಮುದ್ರೆ ಎಂದು ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ತೋರಿಸಿಕೊಳ್ಳುವುದು ಬೇಡವೆಂದು ನಾನು ನಕ್ಕೆ. ನಾನು ನಕ್ಕಿದ್ದು ನೋಡಿ ಭಾಗ್ಯಾ, ಶಂಕ್ರೆವ್ವ ಇಬ್ಬರೂ ನಕ್ಕರು.

ಸೆಪ್ಟೆಂಬರಿನಲ್ಲಿ ಅವಳು ಹೋದಳು.

ಮೊದಲನೇ ಫೋನು ಬಂದದ್ದು ಹದಿನೆಂಟು ದಿನಗಳ ಮೇಲೆ, ಒಂದು ಶುಕ್ರವಾರ. ಶಂಕ್ರೆವ್ವ ಬನಹಟ್ಟಿಯಿಂದ ನನಗೂ ಕರೆ ಕೂಡಿಸಿದಳು. ಶಾಲೆಯೂ ಇಲ್ಲ, ಹಾಸ್ಟೆಲ್ಲೂ ಇಲ್ಲ. ಮೂರು ಅಂತಸ್ತಿನ ಒಂದು ಮನೆ, ಹನ್ನೊಂದು ಜನ. ಬೆಳಗಿನ ಐದಕ್ಕೆ ಏಳಬೇಕು, ಅವರೆಲ್ಲ ಉಂಡು ಎದ್ದ ಮೇಲೆ ಪಾತ್ರೆ ಮುಗಿಸಿ ಮಲಗಬೇಕು, ಮಲಗುವುದು ಅಕ್ಕಿ ಚೀಲ ಇಟ್ಟ ಕೋಣೆಯಲ್ಲಿ. ಪಾಸ್‌ಪೋರ್ಟು ಇಳಿದ ದಿನವೇ ಮಾಲಕರು ಇಸಿದುಕೊಂಡರು. ಅರಬ್ಬಿಯಲ್ಲಿ ಬರೆದ ಬೇರೊಂದು ಕಾಗದಕ್ಕೆ ಸಹಿ ಹಾಕಿಸಿದರು. ಫೋನು ಅವರ ಕೈಯಲ್ಲಿ, ಶುಕ್ರವಾರ ಹತ್ತು ನಿಮಿಷ ಮಾತ್ರ ಕೊಡುತ್ತಾರೆ.

“ಅಕ್ಕೋರ, ನೀವು ಓದಿದ್ರೆಲ್ರಿ ಆ ಕನ್ನಡ ಕಾಗದಾ?” ಎಂದು ಕೇಳಿದಳು. ದೂರುವ ದನಿಯಲ್ಲಿ ಕೇಳಲಿಲ್ಲ. ಅದರಲ್ಲಿ ಏನು ಬರೆದಿತ್ತೆಂದು ನಾನು ಹೇಳಿದರೆ ಅಲ್ಲಿಯವರಿಗೆ ಹೇಳಿ ನೋಡೋಣವೆಂದು ಕೇಳಿದಳು ಪಾಪ.

“ಓದಿದ್ದೆ” ಎಂದೆ. ಅಷ್ಟರಲ್ಲಿ ಹತ್ತು ನಿಮಿಷ ಆಯಿತು.

ಜನವರಿಯಲ್ಲಿ ವಿಡಿಯೋ ಕರೆ ಬಂತು. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಕುದಿಯುವ ಎಣ್ಣೆ ಬಿದ್ದಿತ್ತು. ಬಟ್ಟೆ ಬಿಚ್ಚಿ ತೋರಿಸು ಎಂದೆ, ಬಿಚ್ಚಿದಳು. ನಡುವಿನ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ದವಾಖಾನೆಗೆ ಒಯ್ದಿಲ್ಲ, ಟೂತ್‌ಪೇಸ್ಟು ಹಚ್ಚಿದ್ದಾರೆ. ಆ ಹೊತ್ತಿಗೆ ನಾನು ಬನಹಟ್ಟಿಯಲ್ಲೇ ಇದ್ದೆ. ಶಂಕ್ರೆವ್ವ ಫೋನು ಹಿಡಿದುಕೊಂಡು ಶೆಡ್ಡಿಗೆ ಓಡಿದಳು, ನಾನು ಹಿಂದೆ ಓಡಿದೆ. ಮುರಗೆಪ್ಪ ಮಗ್ಗ ಬಿಟ್ಟು ಬಂದು ಫೋನನ್ನು ಕಿವಿಗೆ ಒತ್ತಿಕೊಂಡ. ಮಗಳ ಮುಖ ಅವನ ಕಿವಿಗೆ ಅಂಟಿಕೊಂಡಿತ್ತು, ಅವನಿಗೆ ಕಾಣಲಿಲ್ಲ. ದನಿಯೂ ಅವನ ಕಿವಿಯೊಳಗೆ ಹೋಗಲಿಲ್ಲ. “ಏನಂತಾಳ? ಆರಾಮ ಅದಾಳಂತಾ?” ಎಂದು ನಮ್ಮಿಬ್ಬರನ್ನೂ ಕೇಳಿದ. ಶಂಕ್ರೆವ್ವ ಹೌದೆಂದು ತಲೆ ಆಡಿಸಿದಳು. ನಾನು ಶೆಡ್ಡಿನ ಹೊರಗೆ ಬಂದೆ.

ಅಂದಿನಿಂದ ನಾನು ಬಡಿಯದ ಬಾಗಿಲಿಲ್ಲ.

ಪರದೇಶದಲ್ಲಿ ಸಿಕ್ಕಿಹಾಕಿಕೊಂಡವರಿಗೆಂದು ಒಂದು ಸಹಾಯವಾಣಿ ಇದೆ. ನಲವತ್ತು ನಿಮಿಷ ಕಾದ ಮೇಲೆ ಒಬ್ಬ ಹುಡುಗ ಸಿಕ್ಕ. ನನ್ನ ಹಿಂದಿಯಲ್ಲಿ ಅರ್ಧ ಮರಾಠಿ ಇರುತ್ತದೆ, ಆದರೂ ತಾಳ್ಮೆಯಿಂದ ಕೇಳಿಸಿಕೊಂಡ. ಪಾಸ್‌ಪೋರ್ಟಿನ ಸಂಖ್ಯೆ ಕೇಳಿ ಏನೇನೋ ಒತ್ತಿದ.

“ಈಕೆಯ ಹೆಸರು ನಮ್ಮಲ್ಲಿ ದಾಖಲಾಗಿಲ್ಲ. ಹತ್ತನೇ ಪಾಸಲ್ಲವೇ?” ಎಂದ.

“ಹೌದು, ನಾನೇ ಪಾಸು ಮಾಡಿಸಿದ್ದು.”

ಅವನು ಬಿಡಿಸಿ ಹೇಳಿದ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನ ಮೇಲೆ ಒಂದು ಮುದ್ರೆ ಇರುತ್ತದೆ. ಆ ಮುದ್ರೆ ಇದ್ದವರು ಕೊಲ್ಲಿ ದೇಶಕ್ಕೆ ದುಡಿಯಲು ಹೊರಟರೆ ಸರಕಾರ ಮೊದಲು ಕರಾರು ನೋಡುತ್ತದೆ, ಕೆಲಸ ಕೊಡುವವರು ಯಾರೆಂದು ನೋಡುತ್ತದೆ, ವಿಮೆ ಮಾಡಿಸುತ್ತದೆ. ಮನೆಗೆಲಸಕ್ಕೆ ಹೊರಟ ಹೆಂಗಸಿಗೆ ಮೂವತ್ತು ತುಂಬಿರದಿದ್ದರೆ ಬಿಡುವುದೇ ಇಲ್ಲ. ಹತ್ತನೇ ಪಾಸಾದವರಿಗೆ ಈ ಯಾವ ಕಟ್ಟಳೆಯೂ ಇಲ್ಲ, ಟಿಕೀಟು ತೆಗೆಸಿ ನೇರ ವಿಮಾನ ಹತ್ತಬಹುದು.

“ಓದಿದವರು ತಮ್ಮ ಹಿತ ತಾವೇ ನೋಡಿಕೊಳ್ಳುತ್ತಾರೆ ಅಂತ ಕಾನೂನು, ಮ್ಯಾಡಮ್” ಎಂದ ಹುಡುಗ. ಅವನದೇನೂ ತಪ್ಪಿಲ್ಲ. ಆದರೂ ಫೋನಿನಲ್ಲಿ ಅವನಿಗೆ ಬಾಯಿಗೆ ಬಂದಂತೆ ಬೈದೆ.

ಭಾಗ್ಯಾ ಫೇಲಾಗಿಯೇ ಉಳಿದಿದ್ದರೆ ಬೆಳಗಾವಿಯಲ್ಲಿ ಮುದ್ರೆ ಬೀಳುತ್ತಿತ್ತು. ಮುದ್ರೆ ಬಿದ್ದಿದ್ದರೆ ಇಪ್ಪತ್ತನಾಲ್ಕರ ಹುಡುಗಿಯನ್ನು ಯಾರೂ ವಿಮಾನ ಹತ್ತಿಸುತ್ತಿರಲಿಲ್ಲ. ಗೌರೀಶ ಹತ್ತನೇತ್ತ ಕೇಳಿದ್ದು ಇದಕ್ಕೆ. ಅವನಿಗೆ ಬೇಕಾಗಿದ್ದದ್ದು ಯಾರೂ ಕೇಳುವವರಿಲ್ಲದ ಹುಡುಗಿ. ಅಂಥವಳನ್ನು ಐದು ತಿಂಗಳು ಕೂತು ತಯಾರು ಮಾಡಿ ಕೊಟ್ಟವಳು ನಾನು. ಬೇರೆ ಯಾವ ವಿಷಯದಲ್ಲೂ ನನಗೆ ಇಷ್ಟು ನಾಚಿಕೆಯಾಗಿಲ್ಲ.

ಒಂದು ಠಾಣೆಗೆ ಹೋದೆ. ಯಾವ ಊರಿನದೆಂದು ಹೇಳುವುದಿಲ್ಲ, ಎಲ್ಲ ಕಡೆಯೂ ಅದೇ ಮಾತು ಬರುತ್ತಿತ್ತು.

“ರೊಕ್ಕ ಎಷ್ಟ ತಗೊಂಡಾನ್ರಿ ಏಜೆಂಟ?”

“ತಗೊಂಡಿಲ್ಲ.”

“ಒಂದ ರೂಪಾಯಿನೂ ತಗೊಂಡಿಲ್ಲಾ? ಮತ್ತ ಮೋಸ ಎಲ್ಲಿ ಆತ್ರಿ ಬಾಯಾರ?” ಎಂದು ಠಾಣೆಯಲ್ಲಿದ್ದಾತ ನಿಜಕ್ಕೂ ತಿಳಿಯದೆ ಕೇಳಿದ. ರೊಕ್ಕ ಹೋಗದೆ ಮೋಸವಾಗುತ್ತದೆಂದು ಬರೆದುಕೊಳ್ಳಲು ಆತನ ಹಾಳೆಯಲ್ಲಿ ಜಾಗ ಇರಲಿಲ್ಲ. ಹೊರಡುವಾಗ ಗೌರೀಶ ಭಾಗ್ಯಾಳ ಮನೆಯವರಿಗೆ ಕೊಟ್ಟಿದ್ದ ಆ ಕನ್ನಡದ ಕರಾರು ತೋರಿಸಿದೆ. ಅದರ ಮೇಲೆ ಯಾರ ಸಹಿಯೂ ಇಲ್ಲ, ಇದ್ದದ್ದು ನನ್ನ ಕೆಂಪು ಗೆರೆಗಳು ಮಾತ್ರ.

ಲೋಕಾಪುರದ ಮೇಲೆ ಹಾಯ್ದು ಬಾಗಲಕೋಟೆಯ ಜಿಲ್ಲಾ ಕಚೇರಿಗೆ ಏಳು ಸಲ ಹೋದೆ. ಪ್ರತಿ ಸಲವೂ ಅರ್ಜಿ ತೆಗೆದುಕೊಂಡರು, ಕೂರಿಸಿದರು, ನೀರು ಕೊಟ್ಟರು. ಕಾಗದ ಮುಂದೆ ಕಳಿಸುತ್ತೇವೆ ಎಂದರು, ಕಳಿಸಿಯೂ ಇರಬಹುದು. ಮಸ್ಕತ್ತಿಗೆ ನಮ್ಮವರು ಇಂಗ್ಲಿಷಿನಲ್ಲಿ ಬರೆದ ಪತ್ರಕ್ಕೆ ಅಲ್ಲಿನ ಭಾರತೀಯ ಕಚೇರಿಯೊಂದರಿಂದ ಉತ್ತರ ಬಂತು. ನೊಂದವರು ಸ್ವತಃ ಬಂದು ದೂರು ಕೊಟ್ಟರೆ ಆಶ್ರಯ ಕೊಡುತ್ತೇವೆ ಎಂದು. ಮನೆಯ ಗೇಟು ದಾಟಲಾರದವಳು ಕಚೇರಿಗೆ ಹೇಗೆ ಹೋಗಬೇಕು ಎಂದು ತಿರುಗಿ ಬರೆದೆವು. ಅದಕ್ಕೂ ಅದೇ ಉತ್ತರ ಬಂತು.

ಕೊನೆಗೆ ಶಂಕ್ರೆವ್ವಳನ್ನು ಕರೆದುಕೊಂಡು ಮತ್ತೆ ಮುಧೋಳಕ್ಕೆ ಹೋದೆ. ದಾರಿಯುದ್ದಕ್ಕೂ ಅವನನ್ನು ಏನೇನು ಅನ್ನಬೇಕೆಂದು ಹಲ್ಲು ಕಡಿಯುತ್ತಿದ್ದೆ. ಗೌರೀಶ ಈ ಸಲವೂ ಎದ್ದು ನಿಂತ, ಚಹಾ ತರಿಸಿದ. ನಾನು ಕೂಗಾಡಿದೆ. ಕೆಳಗಿನ ಮೊಬೈಲ್ ಅಂಗಡಿಯವರು ಮೆಟ್ಟಿಲವರೆಗೆ ಬಂದು ನೋಡಿ ಹೋದರು. ನಾನು ದಣಿಯುವವರೆಗೆ ಕಾದು ಅವನು ಹೇಳಿದ.

“ನಾ ಆಕಿ ಕಡೆ ಒಂದ ರೂಪಾಯಿ ಮುಟ್ಟಿಲ್ರಿ. ಆದ್ರ ಅಲ್ಲಿ ಮಾಲಕರು ಎಲ್ಲಾ ಖರ್ಚು ಹಾಕ್ಯಾರ. ಸುಮ್ನ ಬಿಡು ಅಂದ್ರ ಹೆಂಗ ಬಿಡ್ತಾರ್ರಿ? ಒಂದ ದಾರಿ ಐತಿ. ಬದಲಿ ಕೊಡ್ರಿ. ಬ್ಯಾರೆ ಒಬ್ಬಾಕಿ ಅಲ್ಲಿ ಇಳದ್ಲಂದ್ರ, ಅದ ವಾರದಾಗ ಭಾಗ್ಯಾನ್ನ ವಿಮಾನ ಹತ್ತಸ್ತಾರ. ಈ ಮಾತಿಗಿ ನಾ ಜಾಮೀನು.”

ನಾನು ಕೈಯಲ್ಲಿದ್ದ ಚಹಾದ ಕಪ್ಪನ್ನು ಅವನ ಮೇಜಿನ ಮೇಲೆ ಕುಕ್ಕಿದೆ. ಬದಲಿ ಕೊಡಲು ಅವಳೇನು ಸೈಕಲ್ಲೇ ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಶಂಕ್ರೆವ್ವ ಕೇಳಿದಳು.

“ಬದಲಿ ಕೊಟ್ರ ಬಿಡ್ತಾರ್ರಿ? ಖರೇನ?”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ತಿಂಗಳಿಂದ ಅರ್ಥವಾಗದ ಮಾತುಗಳನ್ನೇ ಕೇಳಿದ್ದ ಅವಳಿಗೆ ಮೊದಲ ಸಲ ಅರ್ಥವಾಗುವ ಮಾತು ಸಿಕ್ಕಿತ್ತು.

ಬನಹಟ್ಟಿಯ ಶೆಡ್ಡುಗಳ ಪದ್ಧತಿ ಗೊತ್ತಿದ್ದವರಿಗೆ ಇದು ತಿಳಿಯುತ್ತದೆ. ಅಲ್ಲಿ ಕೆಲಸಗಾರನಿಗೆ ಜ್ವರ ಬಂದರೆ, ಮನೆಯಲ್ಲಿ ಮದುವೆ ಇದ್ದರೆ, ಯಾರಾದರೂ ಸತ್ತರೆ ರಜೆ ಕೊಡಿ ಎಂದು ಕೇಳುವಂತಿಲ್ಲ. ತನ್ನ ಬದಲಿಯನ್ನು ತಾನೇ ಹುಡುಕಿ ಮಗ್ಗದ ಮುಂದೆ ನಿಲ್ಲಿಸಿ ಹೋಗಬೇಕು. ಮಗ್ಗ ನಿಲ್ಲಬಾರದು. ಮುರಗೆಪ್ಪನಿಗೆ ಕಾಮಾಲೆಯಾದಾಗ ಶಂಕ್ರೆವ್ವಳ ಅಣ್ಣ ಬಸಗೊಂಡಪ್ಪ ತೇರದಾಳದಿಂದ ಬಂದು ಇಪ್ಪತ್ತೆರಡು ದಿನ ಅವನ ಮಗ್ಗ ನಡೆಸಿದ್ದನಂತೆ. ಮುಧೋಳದ ಬಸ್ ನಿಲ್ದಾಣದಲ್ಲಿ ಕೂತು ಅದನ್ನೆಲ್ಲ ಹೇಳಿದಳು.

“ನ್ಯಾಯದ ಮಾತ ಐತ್ರಿ ಅಕ್ಕೋರ. ಅವರ ಮನಿ ಕೆಲಸಾನೂ ನಿಲ್ಲಬಾರ್ದಲ್ರಿ.”

“ನ್ಯಾಯ ಅಂತ ನ್ಯಾಯ! ಅದು ಮಗ್ಗ, ಇದು ಮನಷ್ಯಾಳು. ಅವರು ಅಕಿನ್ನ ಹಿಡಿದಿಟ್ಕೊಂಡಾರ, ತಿಳೀತೇನು ನಿನಗ?”

“ತಿಳೀತ್ರಿ” ಎಂದಳು. ಆದರೆ ಅವಳ ತಲೆಯಲ್ಲಿ ಆಗಲೇ ಬದಲಿ ಯಾರೆಂಬ ಎಣಿಕೆ ನಡೆದಿತ್ತು. “ನಾನ ಹೋದ್ರ ಆತು. ಬ್ಯಾರೆಯವರ ಹೊಟ್ಟ್ಯಾಗ ಹುಟ್ಟಿದವರನ್ನ ಯಾಕ ಕಳಸಬೇಕ್ರಿ?” ಎಂದಳು. ನಾನು ಬೇಡವೆಂದರೂ ಎದ್ದು ಮತ್ತೆ ಅವನ ಆಫೀಸಿನ ಮೆಟ್ಟಿಲು ಹತ್ತಿದಳು. ನಾನೂ ಹತ್ತಿದೆ.

ಗೌರೀಶ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಎಷ್ಟ ವಯಸ್ಸು? ನಲವತ್ತೈದಾ? ನಡೀತೈತಿ. ಸಾಲಿ?”

“ನಾಕನೇತ್ತ.”

“ಹಂಗಾದ್ರ ಆಗಂಗಿಲ್ಲವಾ. ಪಾಸ್‌ಪೋರ್ಟಿಗಿ ಮುದ್ರಿ ಬೀಳ್ತೈತಿ. ಮುದ್ರಿ ಬಿತ್ತಂದ್ರ ಕರಾರು ಸರಕಾರದ ಮುಂದ ಇಡಬೇಕು, ವಿಮಾ ಮಾಡಸಬೇಕು, ಮಾಲಕರು ಬ್ಯಾಂಕಿನ್ಯಾಗ ಜಾಮೀನು ಇಡಬೇಕು. ಅವರು ಒಪ್ಪಂಗಿಲ್ಲ. ಹತ್ತನೇತ್ತ ಪಾಸ್ ಇದ್ದವರು ಯಾರರೆ ಇದ್ರ ಹೇಳ್ರಿ.” ನನ್ನೆದುರಿಗೇ ಹೇಳಿದ. ಮುಚ್ಚುಮರೆಯ ಅಗತ್ಯವೂ ಅವನಿಗೆ ಕಾಣಲಿಲ್ಲ.

ಬರುವಾಗ ಬಸ್ಸಿನಲ್ಲಿ, ಶಂಕ್ರೆವ್ವಳಿಗೆ ಹೋಗಲಾಗಲಿಲ್ಲವಲ್ಲ ಎಂದು ನನ್ನ ಮನಸ್ಸು ಹಗುರಾಗಿತ್ತು. ಒಬ್ಬಳಾದರೂ ಉಳಿದಳು ಎಂದುಕೊಂಡೆ.

ಹತ್ತು ದಿನ ಬಿಟ್ಟು ಅವಳು ಮನೆಗೆ ಬಂದಳು. ಕೈಯಲ್ಲಿ ಭಾಗ್ಯಾಳ ಹಳೆಯ ಗಣಿತದ ಪುಸ್ತಕ.

“ಅಕ್ಕೋರ, ಸಾಲಿಗಿ ಹೋಗದ ಮನ್ಯಾಗ ಓದಿ ಹತ್ತನೇತ್ತ ಪರೀಕ್ಷಾ ಕಟ್ಟಬೌದಂತಲ್ರಿ? ನನ್ನ ಪಾಸ್ ಮಾಡಸ್ರಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹುಚ್ಚು ಹಿಡಿದಿದೆಯೇ ನಿನಗೆ, ಮಗಳು ಹೋದದ್ದು ಸಾಲದೇ, ನಿನ್ನನ್ನೂ ನಾನೇ ಕೈಯಾರೆ ಬಾವಿಗೆ ನೂಕಬೇಕೇ ಎಂದು ಬೈದೆ. ಪುಸ್ತಕ ಕಸಿದು ಮೂಲೆಗೆ ಎಸೆದೆ. ಅವಳು ಎದ್ದು ಹೋಗಿ ಅದನ್ನು ತಂದು ಸೆರಗಿನಿಂದ ಒರೆಸಿ, ಮತ್ತೆ ಅದೇ ಜಾಗದಲ್ಲಿ ಕೂತಳು. ಮಧ್ಯಾಹ್ನದವರೆಗೆ ಕೂತೇ ಇದ್ದಳು. ಊಟಕ್ಕೆ ಕರೆದರೆ ಬರಲಿಲ್ಲ.

ನಮ್ಮವರು ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು. “ಕಲಸು, ಸುಲಭಾ. ನಾಕನೇತ್ತ ಬಿಟ್ಟು ಮೂವತ್ತೈದು ವರ್ಷ ಆಗೇದ ಅಕಿಗೆ. ಹತ್ತನೇತ್ತ ಪಾಸ್ ಆಗೂದು ಅಂದ್ರ ಆಟ ಏನು? ಅಷ್ಟರಾಗ ಭಾಗ್ಯಾನ ಎರಡು ವರ್ಷ ಮುಗೀತಾವ. ಅಲ್ಲೀತನಕಾ ಅಕಿಗೆ ಏನರೆ ಒಂದು ಮಾಡಾಕತ್ತೇನಿ ಅಂತ ಸಮಾಧಾನ ಇರ್ಲಿ.”

ಮಾತು ಸರಿ ಎನಿಸಿತು. ಅವಳಿಂದ ಆಗುವುದಿಲ್ಲ ಎಂಬ ಭರವಸೆಯ ಮೇಲೆ ನಾನು ಒಪ್ಪಿಕೊಂಡೆ. ಕಲಿಯದಿರಲಿ ಎಂದು ಹಾರೈಸಿ ಪಾಠ ಶುರು ಮಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಮೊದಲ ವಾರ ಅವಳು ಅಂಕಿಗಳನ್ನು ತಡವರಿಸುತ್ತ ಬರೆದಳು. ನನಗೆ ಧೈರ್ಯ ಬಂತು. ಎರಡನೇ ವಾರ ಶೇಕಡಾ ಲೆಕ್ಕಕ್ಕೆ ಬಂದೆವು. ನಾನು ಸೂತ್ರ ಬರೆದು ಮುಗಿಸುವ ಮೊದಲೇ ಅವಳು ಉತ್ತರ ಹೇಳಿದಳು. ಹೇಗೆ ಹೇಳಿದಿ ಎಂದರೆ, ನೂಲಿನ ಗಂಟಿನಲ್ಲಿ ಎಷ್ಟು ಹಾಳಾಗಿ ಹೋಗುತ್ತದೆಂದು ದಿನಾ ತೂಗುವುದಿಲ್ಲವೇ, ಅದೂ ಇದೇ ಅಲ್ಲವೇ ಎಂದಳು. ಶಂಕುವಿನ ಪಾಠ ತೆಗೆದೆ. ಎಂಥೆಂಥ ಹುಡುಗಿಯರು ಅದಕ್ಕೆ ಮುಗ್ಗರಿಸಿದ್ದಾರೆ. ಅವಳು ಚಿತ್ರ ನೋಡಿ ನಕ್ಕಳು, “ಇದು ನೂಲಿನ ಕೋನ್ ಅಲ್ಲೇನ್ರಿ?” ಎಂದಳು. ಮೂವತ್ತು ವರ್ಷ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದವಳಿಗೆ ಅದರ ಮೇಲ್ಮೈ ಎಷ್ಟೆಂದು ನಾನು ಹೇಳಬೇಕಾಗಿರಲಿಲ್ಲ. ಇಂಗ್ಲಿಷಿನಲ್ಲಿ ತೊಡರಿದಳು, ಎರಡು ತಿಂಗಳಲ್ಲಿ ಅದನ್ನೂ ಹತೋಟಿಗೆ ತಂದಳು. ಬಸ್ಸಿನಲ್ಲಿ ಬರುತ್ತ ಅಂಗಡಿಗಳ ಬೋರ್ಡು ಓದಿಕೊಂಡು ಬರುತ್ತಿದ್ದಳು.

ನನ್ನ ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಇಷ್ಟು ಚುರುಕಾದ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ಅವಳ ಹತ್ತನೇ ವಯಸ್ಸಿನಲ್ಲಿ ಯಾರಾದರೂ ಅವಳನ್ನು ಶಾಲೆಯಲ್ಲಿ ಉಳಿಸಿದ್ದರೆ ಇವತ್ತು ನನ್ನಂಥ ನಾಲ್ಕು ಜನರನ್ನು ಆಳುತ್ತಿದ್ದಳು.

ಶುಕ್ರವಾರದ ಒಂದು ಕರೆಯಲ್ಲಿ ಭಾಗ್ಯಾ ಎಷ್ಟೋ ತಿಂಗಳ ಮೇಲೆ ನಕ್ಕಳು. “ಅವ್ವ ಸಾಲಿ ಕಲ್ಯಾಕತ್ತಾಳಂತಲ್ರಿ ಅಕ್ಕೋರ! ಭಾಳ ಛಲೋ ಆತ್ರಿ. ಅಕಿನ್ನ ಬಿಡಬ್ಯಾಡ್ರಿ, ಬೈದು ಬೈದು ಕಲಸ್ರಿ” ಎಂದಳು. ಯಾತಕ್ಕೆ ಕಲಿಯುತ್ತಿದ್ದಾಳೆಂದು ಅವಳಿಗೆ ಹೇಳಿರಲಿಲ್ಲ. ಬೆರಳು ಹೇಗಿದೆ ಎಂದು ಕೇಳಿದೆ. ರೂಢಿಯಾತು, ಈಗ ಎಡಗೈಯಿಂದಲೇ ಎಲ್ಲ ಮಾಡುತ್ತೇನೆ ಎಂದಳು. ಕರಾರಿನ ಎರಡು ವರ್ಷ ಮುಗಿದ ಮೇಲೂ ಇನ್ನೆರಡು ವರ್ಷ ಇರಬೇಕೆಂದು ಮಾಲಕರು ಈಗಲೇ ಹೇಳುತ್ತಿದ್ದಾರೆ ಎಂಬುದನ್ನೂ ಅದೇ ಕರೆಯಲ್ಲಿ ಹೇಳಿದಳು. ನಮ್ಮವರ ಲೆಕ್ಕ ಅಲ್ಲಿಗೆ ಮುಗಿಯಿತು.

ಶಂಕ್ರೆವ್ವ ಫೋನಿಟ್ಟು ನನ್ನ ಕಡೆ ತಿರುಗಿದಳು. “ಅಕ್ಕೋರ, ಒಂದ ಪರೀಕ್ಷಾ ಇಡ್ರಿ. ನಾ ಎಲ್ಲಿಗಿ ಬಂದೇನಿ ಗೊತ್ತಾಗ್ಲಿ. ಪಾಸ್ ಆದ್ರ ಈ ವರ್ಷನ ಕಟ್ಟತೇನಿ, ಇಲ್ಲಂದ್ರ ಮುಂದಿನ ವರ್ಷ.”

ಹೋದ ರವಿವಾರ ಪರೀಕ್ಷೆ ಇಟ್ಟೆ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಹುಡುಕಿ ಹುಡುಕಿ, ಮೊದಲ ದರ್ಜೆಯವರೂ ಬೆವರುವಂಥ ಲೆಕ್ಕಗಳನ್ನೇ ಆರಿಸಿದೆ. ಮೂರು ತಾಸು ಅವಳು ಪಡಸಾಲೆಯಲ್ಲಿ ನೆಲದ ಮೇಲೆ ಕೂತು ಬರೆದಳು. ತಲೆ ಎತ್ತಲಿಲ್ಲ. ನಮ್ಮವರು ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದರು.

ನಾನು ಅಡಿಗೆಮನೆಯಲ್ಲಿ ಕೂತು ತಿದ್ದಿದೆ. ನೂರಕ್ಕೆ ಅರವತ್ತೆಂಟು. ತಪ್ಪು ನೋಡಿದ್ದೇನೆಂದು ಮತ್ತೆ ಮೊದಲಿಂದ ತಿದ್ದಿದೆ. ಮತ್ತೂ ಅರವತ್ತೆಂಟು. ಈ ಹಾಳೆ ಅವಳ ಕೈಗೆ ಕೊಟ್ಟರೆ ಅವಳು ನಾಳೆಯೇ ಫಾರ್ಮು ತುಂಬುತ್ತಾಳೆ. ಬೆಳಗಾವಿಯಲ್ಲಿ ಮುದ್ರೆ ಬೀಳುವುದಿಲ್ಲ. ಮಗಳು ಮುರುಟಿದ ಬೆರಳು ತೆಗೆದುಕೊಂಡು ಬರುತ್ತಾಳೆ, ಅಕ್ಕಿ ಚೀಲದ ಕೋಣೆಯಲ್ಲಿ ಅವ್ವ ಮಲಗುತ್ತಾಳೆ. ಕೊಡದಿದ್ದರೆ ಮಗಳು ಅಲ್ಲಿಯೇ. ಎಷ್ಟು ಸಲ ಕೂಡಿಸಿ ಕಳೆದರೂ ಇಬ್ಬರೂ ಇಲ್ಲಿರುವ ಉತ್ತರ ಬರಲಿಲ್ಲ.

ನಾನು ಮಾಡಬಾರದ ಕೆಲಸ ಮಾಡಿದೆ. ಕೆಂಪು ಪೆನ್ನಿನಿಂದ ಎಂಟು ಸರಿ ಲೆಕ್ಕಗಳ ಮೇಲೆ ಅಡ್ಡಗೆರೆ ಎಳೆದೆ. ಮೇಲೆ ಇಪ್ಪತ್ತೆಂಟು ಎಂದು ಬರೆದೆ. ಹೊರಗೆ ಬಂದು ಹಾಳೆ ಅವಳ ಮುಂದೆ ಇಟ್ಟು, “ಫೇಲ್” ಎಂದೆ.

ಅವಳು ಹಾಳೆಯನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಅಳುತ್ತಾಳೆಂದುಕೊಂಡೆ, ಜಗಳವಾಡುತ್ತಾಳೆಂದುಕೊಂಡೆ. ಸರಿ ಮಾಡಿದ್ದೇನೆ, ಮತ್ತೊಮ್ಮೆ ನೋಡಿ ಅಂದರೆ ಸಾಕು, ತಪ್ಪೊಪ್ಪಿಕೊಂಡು ಅವಳ ಕಾಲು ಹಿಡಿಯೋಣವೆಂದು ನಿಂತಿದ್ದೆ. ಅವಳು ನನ್ನ ಮೇಲೆ ಅನುಮಾನವನ್ನೇ ಪಡಲಿಲ್ಲ.

“ಹೌದ್ರಿ, ಇನ್ನಾ ಗಟ್ಟಿ ಆಗಬೇಕು. ನಾಳಿಂದ ಕಂಡಿಕಿ ಅರ್ಧಾ ದಿನ ಬಿಡ್ತೇನ್ರಿ. ಮುಂಜಾನಿ ಮೊದಲ್ನೇ ಬಸ್ಸಿಗಿ ಬರ್ತೇನಿ” ಎಂದಳು.

ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ, ನಾನು ಅಡ್ಡಗೆರೆ ಎಳೆದ ಮೊದಲನೇ ಲೆಕ್ಕದ ಮೇಲೆ ಬೆರಳಿಟ್ಟಳು.

“ಇದರಾಗ ಎಲ್ಲಿ ತಪ್ಪೀನಿ, ಅಷ್ಟ ತೋರಸ್ರಿ ಅಕ್ಕೋರ. ಇನ್ನೊಮ್ಮೆ ಆ ತಪ್ಪು ಮಾಡಂಗಿಲ್ಲ.”

ನಾನು ಪೆನ್ನು ಹಿಡಿದು ಅವಳ ಪಕ್ಕದಲ್ಲಿ ಕೂತೆ. ಅವಳು ಕಾಯುತ್ತಿದ್ದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಮೂರು ಸಲ ಓದಿದೆ, ತೋರಿಸಲು ನನಗೆ ಒಂದೂ ತಪ್ಪು ಸಿಗಲಿಲ್ಲ.